ಕೊನೆಯನ್ನು ಹೇಳಬೇಡಿ, ಲೆಕ್ಕವನ್ನು ಮುಚ್ಚಬೇಡಿ

(ಸಂಘದ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಎದ್ದು ನಿಂತೊಡನೆ ಪಗಾರದ ಮಾತೋ ಬೋನಸ್ಸಿನ ಮಾತೋ ಬರುತ್ತದೆಂದು ತಾವು ಕಾದಿರಬಹುದು. ಇಂದು ಅದಲ್ಲ. ಇಂದಿನ ವಿಷಯ ಸಣ್ಣದು. ಆದರೆ ಈ ಸಣ್ಣ ವಿಷಯದಿಂದಲೇ ನಮ್ಮ ವಾಚನಾಲಯ ಒಬ್ಬ ಓದುಗನನ್ನು ಎರಡು ತಿಂಗಳು ಕಳೆದುಕೊಂಡಿತ್ತು. ಆದುದರಿಂದ ಹೇಳಲೇಬೇಕಾಗಿದೆ.

ಕುಂದಾಪುರದ ಕಡೆಯ ಒಬ್ಬ ಹುಡುಗ. ವಯಸ್ಸು ಹತ್ತೊಂಬತ್ತು. ಒಂದು ಹೋಟೆಲಿನಲ್ಲಿ ಕ್ಲೀನರ್ ಕೆಲಸ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಕ್ಷರಗಳನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದ. ನಮ್ಮ ರಾತ್ರಿ ವರ್ಗಕ್ಕೆ ಆರು ತಿಂಗಳು ಬಂದು ಪುನಃ ಕೂಡಿಸಿ ಕೂಡಿಸಿ ಓದಲು ಕಲಿತ. ಮೊದಲು ಯಾವ ಪುಸ್ತಕ ಕೊಡೋಣವೆಂದು ಯೋಚಿಸಿ, ಎನ್. ನರಸಿಂಹಯ್ಯನವರ ಒಂದು ಪತ್ತೇದಾರಿ ಕಾದಂಬರಿಯನ್ನು ಕೊಟ್ಟೆವು. ನರಸಿಂಹಯ್ಯನವರು ಹೆಚ್ಚು ಶಾಲೆ ಕಲಿತವರಲ್ಲ. ಆದರೂ ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹಿಡಿದು ಓದುವ ಚಟ ಹತ್ತಿಸಿಕೊಂಡ ಕನ್ನಡಿಗರು ಎಷ್ಟೋ ಸಾವಿರ. ಈ ಹುಡುಗನಿಗೂ ಹತ್ತಲಿ ಎಂಬುದು ನಮ್ಮ ಆಸೆ.

ಮರುದಿನವೇ ಪುಸ್ತಕ ವಾಪಸು ಬಂತು. "ಅಣ್ಣ, ಇದು ಮುಗಿದ ಪುಸ್ತಕ" ಎಂದ. ಒಂದೇ ರಾತ್ರಿಯಲ್ಲಿ ಓದಿದನೇ ಎಂದು ನಮಗೆ ಆಶ್ಚರ್ಯ. ತೆರೆದು ನೋಡಿದರೆ ಮೊದಲನೆಯ ಪುಟದಲ್ಲಿ, ಹೆಸರಿನ ಕೆಳಗೆ, ಪೆನ್ಸಿಲಿನಿಂದ ಯಾರೋ ಬರೆದಿದ್ದಾರೆ: ಕೊಲೆ ಮಾಡಿದವನು ಇಂಥವನು. ದಪ್ಪ ಅಕ್ಷರ, ಕೆಳಗೊಂದು ಗೆರೆ. ಪಾಪ, ಹುಡುಗ ಕಷ್ಟಪಟ್ಟು ಕೂಡಿಸಿ ಓದಿದ ಮೊದಲ ಸಾಲೇ ಅದು! ಬೇರೆ ಪುಸ್ತಕ ಕೊಡುತ್ತೇವೆಂದೆವು. "ಆಮೇಲೆ ಬರ್ತೇನೆ" ಎಂದು ಹೋದವನು ಎರಡು ತಿಂಗಳು ಇತ್ತ ತಲೆ ಹಾಕಲಿಲ್ಲ.

ಬರೆದವರು ಯಾರೆಂದು ನಮಗೆ ಗೊತ್ತಿಲ್ಲ, ಹುಡುಕುವ ಇಚ್ಛೆಯೂ ಇಲ್ಲ. ಏಕೆಂದರೆ ಆ ತಪ್ಪನ್ನು ನಾವೂ ಮಾಡಿದ್ದೇವೆ.

2015ರಲ್ಲಿ ‘ದೃಶ್ಯಂ’ ಎಂಬ ಸಿನೆಮಾ ಹಿಂದಿಯಲ್ಲಿ ಬಂತು. ಅದಕ್ಕೆ ಹಿಂದಿನ ವರ್ಷ ಕನ್ನಡದಲ್ಲಿ ‘ದೃಶ್ಯ’ ಎಂದು ಬಂದಿತ್ತು. ಎಲ್ಲಕ್ಕೂ ಮೂಲ 2013ರ ಮಲೆಯಾಳದ್ದು. ಆಗ ನಾವು ಸಪ್ಲಾಯರ್ ಆಗಿದ್ದೆವು. ಒಂದು ಖೋಲಿಯಲ್ಲಿ ಒಂಬತ್ತು ಜನ. ನಮ್ಮ ಭಟ್ಟರಿಗೆ ಮಂಗಳವಾರ ರಜೆ. ಆ ಸಿನೆಮಾ ನೋಡಬೇಕೆಂದು ಎರಡು ವಾರದಿಂದ ದುಡ್ಡು ತೆಗೆದಿಟ್ಟಿದ್ದರು. ನಾವು ಭಾನುವಾರ ರಾತ್ರಿಯ ಆಟ ನೋಡಿ ಬಂದವರು, ಚಾಪೆ ಹಾಸುವುದಕ್ಕೂ ಪುರಸೊತ್ತಿಲ್ಲದೆ ಕೊನೆಯಲ್ಲಿ ಏನಾಯಿತೆಂದು ಕೈಬಾಯಿ ತಿರುಗಿಸಿ ಹೇಳಿಬಿಟ್ಟೆವು. ಏನೆಂದು ಇಲ್ಲಿ ಹೇಳುವುದಿಲ್ಲ, ನೋಡದವರು ಇನ್ನೂ ಇರಬಹುದು. ಭಟ್ಟರು ಒಂದು ಮಾತೂ ಆಡಲಿಲ್ಲ. ಮಂಗಳವಾರ ಬಟ್ಟೆ ಒಗೆದು ಮಲಗಿಕೊಂಡರು. "ಸಿನೆಮಾಕ್ಕೆ ಹೋಗಲಿಲ್ಲವೇ ಭಟ್ರೆ?" ಎಂದು ಕೇಳಿದೆವು. "ನೀನು ಭಾನುವಾರವೇ ತೋರಿಸಿದೆಯಲ್ಲ ಮಾರಾಯ" ಎಂದರು. ಈಗಲೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ಬಂಧುಗಳೆ, ಉಳ್ಳವರಿಗೆ ಇದು ದೊಡ್ಡ ನಷ್ಟವಲ್ಲ. ಒಂದು ಸಿನೆಮಾ ಕೆಟ್ಟರೆ ಇನ್ನೊಂದಕ್ಕೆ ಹೋಗುತ್ತಾರೆ. ವಾರಕ್ಕೊಂದು ರಜೆ, ಅದೂ ಸಿಕ್ಕಿದರೆ ಸಿಕ್ಕಿತು ಎನ್ನುವ ನಮಗೆ ಹಾಗಲ್ಲ. ಮುಂದೇನಾಗುವುದೋ ಎಂದು ಮೋರಿಯಲ್ಲಿ ತಟ್ಟೆ ತೊಳೆಯುತ್ತಾ ಯೋಚಿಸುವುದಿದೆಯಲ್ಲ, ಆ ಯೋಚನೆಯೇ ಅರ್ಧ ಸುಖ. ಅದನ್ನು ಕಿತ್ತುಕೊಳ್ಳುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಇದಕ್ಕೆ ಒಂದು ಆಕ್ಷೇಪ ಉಂಟು. ನಮ್ಮ ಹಿರಿಯರೊಬ್ಬರು ಕೇಳಿದರು: "ಕರ್ಣ ಸಾಯುತ್ತಾನೆಂದು ಯಾರಿಗೆ ಗೊತ್ತಿಲ್ಲ? ಆದರೂ ಬೆಳಗಿನವರೆಗೆ ಆಟ ನೋಡುವುದಿಲ್ಲವೇ?" ಮಾತು ನಿಜ. ಮಳೆಗಾಲದಲ್ಲಿ ಊರಿನ ಮೇಳದವರು ಮುಂಬಯಿಗೆ ಬಂದಾಗ ನಾವೆಲ್ಲ ಹೋಗುತ್ತೇವೆ. ವಾಲಿ ಬೀಳುವನೆಂದು ಗೊತ್ತಿದ್ದೇ ಕೂರುತ್ತೇವೆ. ಅಲ್ಲಿ ನಮಗೆ ಬೇಕಾದದ್ದು ‘ಏನಾಯಿತು’ ಎಂಬುದಲ್ಲ. ಬಿದ್ದ ವಾಲಿ ರಾಮನನ್ನು ಏನೆಂದು ಕೇಳುತ್ತಾನೆ, ರಾಮನ ಅರ್ಥ ಹೇಳುವವರು ಅದಕ್ಕೆ ಏನೆಂದು ಉತ್ತರ ಕೊಡುತ್ತಾರೆ ಎಂಬುದು. ತಾಳಮದ್ದಳೆಯಲ್ಲಂತೂ ಅದೇ ಸರ್ವಸ್ವ. ಆದರೆ ಪತ್ತೇದಾರಿ ಕಥೆಯ ಕಟ್ಟೋಣವೇ ಬೇರೆ. ಅದು ಒಗಟಿನ ಜಾತಿ. ಒಗಟು ಹೇಳುವ ಅಜ್ಜಿ, ಕೇಳುವ ಮಗು "ಸೋತೆ" ಎನ್ನುವವರೆಗೆ ಉತ್ತರ ಬಿಡುವುದಿಲ್ಲ. ಪಕ್ಕದಲ್ಲಿದ್ದವನು ಮಧ್ಯೆ ಬಾಯಿ ಹಾಕಿದರೆ ಅಜ್ಜಿಯೂ ಬೈಯುತ್ತಾಳೆ, ಮಗುವೂ ಅಳುತ್ತದೆ.

ಓದು ಬಲ್ಲವರೂ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು, 12 ಸಣ್ಣ ಕಥೆಗಳನ್ನು ಜನರಿಗೆ ಕೊಟ್ಟು, ಕೆಲವರಿಗೆ ಕೊನೆಯನ್ನು ಮೊದಲೇ ತಿಳಿಸಿ ಓದಿಸಿದರು. ಕೊನೆ ತಿಳಿದವರಿಗೇ ಕಥೆ ಹೆಚ್ಚು ಹಿಡಿಸಿತೆಂದು ಕಂಡಿತಂತೆ. 2015ರಲ್ಲಿ ಬೇರೆಯವರು ಮಾಡಿದ ಪರೀಕ್ಷೆಯಲ್ಲಿ ಇದಕ್ಕೆ ವಿರುದ್ಧವಾದ ಫಲ ಬಂತು. ಇದರಿಂದ ನಮಗೆ ತಿಳಿಯುವುದು ಇಷ್ಟೆ: ಒಬ್ಬನಿಗೆ ಹಿತವಾದದ್ದು ಇನ್ನೊಬ್ಬನಿಗೆ ಹಿತವಲ್ಲ. ಕೆಲವರು ಕೊನೆಯ ಪುಟವನ್ನೇ ಮೊದಲು ಓದುತ್ತಾರೆ. ಅದು ಅವರ ಇಷ್ಟ. ಆದರೆ ಆರಿಸುವವನು ಓದುವವನೇ ಆಗಿರಬೇಕು. ನಮ್ಮ ಭಟ್ಟರಿಗೆ ಆರಿಸಲು ನಾವು ಬಿಡಲಿಲ್ಲ. ತಪ್ಪು ಇರುವುದು ಅಲ್ಲಿ.

ಈ ಮರ್ಯಾದೆಯನ್ನು ಲೋಕದಲ್ಲಿ ಹೇಗೆ ಕಾಪಾಡಿಕೊಂಡು ಬಂದಿದ್ದಾರೆಂಬುದಕ್ಕೆ ಒಂದೆರಡು ನಿದರ್ಶನ. ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿ ಎಂಬ ಬರಹಗಾರ್ತಿಯ ‘ದಿ ಮೌಸ್‌ಟ್ರ್ಯಾಪ್’ ಎಂಬ ನಾಟಕ 1952ರ ನವೆಂಬರ್ 25ರಂದು ಶುರುವಾಯಿತು. ಕೊರೋನಾ ಕಾಲದಲ್ಲಿ, 2020ರಿಂದ 2021ರವರೆಗೆ ನಿಂತದ್ದನ್ನು ಬಿಟ್ಟರೆ ಇಂದಿಗೂ ನಡೆಯುತ್ತಿದೆ. ಆಟ ಮುಗಿದ ಮೇಲೆ ನಟರೇ ಮುಂದೆ ಬಂದು, ಕೊಲೆಗಾರ ಯಾರೆಂಬುದನ್ನು ಹೊರಗೆ ಹೇಳಬೇಡಿರೆಂದು ಪ್ರೇಕ್ಷಕರನ್ನು ಕೇಳಿಕೊಳ್ಳುವುದು ಅಲ್ಲಿಯ ಪದ್ಧತಿ. ಇದರ ಬಗ್ಗೆ ಒಂದು ತಮಾಷೆಯ ಮಾತೂ ಇದೆ: ನಾಟಕಕ್ಕೆ ಬಂದವನು ಟಿಪ್ಸ್ ಕೊಡದೆ ಇಳಿದರೆ, ಟ್ಯಾಕ್ಸಿಯವನು ಕೊಲೆಗಾರನ ಹೆಸರು ಕೂಗಿ ಹೇಳಿ ಗಾಡಿ ಓಡಿಸುತ್ತಿದ್ದನಂತೆ! ಟಿಪ್ಸ್ ಕೊಡದ ಗಿರಾಕಿಯ ಮೇಲೆ ತೀರಿಸಿಕೊಳ್ಳಲು ನಮಗೆ ಇಂಥ ಆಯುಧ ಯಾವುದೂ ಇಲ್ಲ.

1960ರಲ್ಲಿ ಹಿಚ್‌ಕಾಕ್ ಎಂಬ ನಿರ್ದೇಶಕರು ‘ಸೈಕೋ’ ಸಿನೆಮಾ ತೆಗೆದಾಗ, ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಥಿಯೇಟರಿನವರಿಗೆ ಕಟ್ಟು ಮಾಡಿದರು. ಅದಕ್ಕಿಂತ ಐದು ವರ್ಷ ಹಿಂದಿನ ಒಂದು ಫ್ರೆಂಚ್ ಸಿನೆಮಾದ ಕೊನೆಯಲ್ಲಿ, ನೋಡಿದ್ದನ್ನು ಗೆಳೆಯರಿಗೆ ಹೇಳಿ ಅವರ ಸುಖ ಕೆಡಿಸಬೇಡಿರೆಂಬ ಬರಹವನ್ನೇ ಪರದೆಯ ಮೇಲೆ ತೋರಿಸಿದರು.

1980ರ ದಶಕದಲ್ಲಿ ಕಂಪ್ಯೂಟರಿನ ಮೂಲಕ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದ ಇಂಗ್ಲಿಷಿನವರು ಇನ್ನೊಂದು ಉಪಾಯ ಹೂಡಿದರು. ಅವರಿಗೆ ಇರುವುದು 26 ಅಕ್ಷರ. ಕಥೆಯ ಗುಟ್ಟನ್ನು ಬರೆಯುವಾಗ ಪ್ರತಿಯೊಂದು ಅಕ್ಷರಕ್ಕೂ ಅದರಿಂದ ಮುಂದಿನ ಹದಿಮೂರನೆಯದನ್ನು ಬರೆದರು. ‘ಎ’ ಇದ್ದಲ್ಲಿ ‘ಎನ್’, ‘ಎನ್’ ಇದ್ದಲ್ಲಿ ‘ಎ’. ಇನ್ನೊಮ್ಮೆ ಹಾಗೆಯೇ ಎಣಿಸಿದರೆ ಮೊದಲಿನ ಬರಹ ಸಿಗುತ್ತದೆ. ನಮ್ಮ ಊರಿನ ಮಕ್ಕಳು ಅಕ್ಷರಕ್ಕೊಂದು ‘ಕ’ ಸೇರಿಸಿ ಮಾತಾಡುವುದಿಲ್ಲವೇ, ಅದರ ಅಣ್ಣ ಇದು. ಕಳ್ಳನನ್ನು ತಡೆಯಲು ಈ ಉಪಾಯ ಏನೇನೂ ಸಾಲದು. ಅದು ಬೀಗವಲ್ಲ, ಬಾಗಿಲಿಗೆ ಇಳಿಬಿಟ್ಟ ಪರದೆ. ಬೇಕಾದವನು ಸರಿಸಿ ಒಳಗೆ ನೋಡಬಹುದು. ಬೇಡದವನ ಕಣ್ಣಿಗೆ ತಾನಾಗಿ ಬೀಳುವುದಿಲ್ಲ. ವಾರಪತ್ರಿಕೆಯವರು ಪದಬಂಧದ ಉತ್ತರವನ್ನು ತಲೆಕೆಳಗಾಗಿ ಅಚ್ಚು ಹಾಕುವುದೂ ಇದಕ್ಕಾಗಿಯೇ.

ಈ ಪರದೆಯ ಬುದ್ಧಿ ನಮ್ಮ ಹಿರಿಯರಿಗೆ ಹೊಸದಲ್ಲ. ಅಂಚೆ ಕಾರ್ಡಿನ ಕಾಲವನ್ನು ನೆನಪಿಸಿಕೊಳ್ಳಿ. ಗಿರಣಿಯ ಚಾಳಿಗೆ ಒಂದು ಕಾರ್ಡು ಬಂದರೆ ಅಂಚೆಯವನಿಂದ ಹಿಡಿದು ಪಕ್ಕದ ಖೋಲಿಯವರವರೆಗೆ ಎಲ್ಲರೂ ಓದಿಯೇ ಕೈಗೆ ಕೊಡುತ್ತಿದ್ದರಂತೆ. ಆದುದರಿಂದ ಮನೆಯ ಸಾಲದ ವಿಷಯ, ಹೆಣ್ಣಿನ ವಿಷಯ ಇದ್ದರೆ ಇನ್ಲೆಂಡಿನಲ್ಲಿ ಬರೆದು ಅಂಟಿಸುತ್ತಿದ್ದರು. ಮದುವೆಯ ಕಾಗದವಾದರೆ ಮೂಲೆಗೆ ಅರಸಿನ ಹಚ್ಚಿರುತ್ತಿತ್ತು. ಉತ್ತರದ ಕಡೆಯ ಜೊತೆಗಾರರಿಗೆ ಮೂಲೆ ಹರಿದ ಕಾರ್ಡು ಬಂತೆಂದರೆ ಊರಲ್ಲಿ ಸಾವಾಗಿದೆ ಎಂದು ಅರ್ಥ. ನೋಡಿ, ಎಷ್ಟು ವಿಚಾರವಂತಿಕೆ! ಹರಿದ ಮೂಲೆ ‘ಯಾರು’ ಎಂದು ಹೇಳುವುದಿಲ್ಲ. ‘ಕೂತುಕೊಂಡು ಓದು’ ಎಂದು ಹೇಳುತ್ತದೆ. ಒಳಗೆ ಎಂಥ ವಿಷಯ ಇದೆ ಎಂಬ ಗುರುತು ಹೊರಗೆ, ವಿಷಯ ಮಾತ್ರ ಒಳಗೆ. ನಾವು ಇಂದು ಹೇಳಬೇಕೆಂದಿರುವ ಮರ್ಯಾದೆಯೆಲ್ಲ ಆ ಹರಿದ ಮೂಲೆಯಲ್ಲೇ ಇದೆ.

ಈಗ ಕಾರ್ಡು ಬರುವುದು ಅಪರೂಪ. 2013ರಲ್ಲಿ ತಂತಿಯೂ ನಿಂತುಹೋಯಿತು. ಎಲ್ಲರ ಕಿಸೆಯಲ್ಲೂ ಮೊಬೈಲು. ಅನುಕೂಲವಾಯಿತು, ಸರಿ. ಆದರೆ ಮೂಲೆ ಹರಿಯುವುದನ್ನು ನಾವು ಮರೆತುಬಿಟ್ಟೆವು.

ಹೋದ ವರ್ಷ ನಮ್ಮ ಒಬ್ಬ ಸಪ್ಲಾಯರ್ ಗೆಳೆಯನ ತಂದೆ ಊರಲ್ಲಿ ತೀರಿಕೊಂಡರು. ಮನೆಯವರು ಇವನಿಗೆ ಹೇಗೆ ತಿಳಿಸುವುದೆಂದು ತಿಳಿಯದೆ, ಮುಂಬಯಿಯಲ್ಲಿರುವ ಚಿಕ್ಕಪ್ಪನಿಗೆ ಫೋನು ಮಾಡಿದರು. ಚಿಕ್ಕಪ್ಪ ಹೋಟೆಲಿಗೆ ಬರಲು ರೈಲು ಹತ್ತಿದ್ದರು. ಅಷ್ಟರಲ್ಲಿ ಊರಿನವರ ವಾಟ್ಸಾಪಿನಲ್ಲಿ ಯಾರೋ ಒಬ್ಬರು ತಂದೆಯ ಫೋಟೋ ಹಾಕಿ, ಹೂವಿನ ಹಾರ ಬರೆದು, ‘ಓಂ ಶಾಂತಿ’ ಎಂದುಬಿಟ್ಟರು. ಕೆಳಗೆ ನಲವತ್ತು ಜನ ಕೈ ಮುಗಿದರು. ಮಧ್ಯಾಹ್ನ ಒಂದು ಗಂಟೆ, ಊಟದ ಗಲಾಟೆ. ನಮ್ಮ ಗೆಳೆಯ ಕೈಯಲ್ಲಿ ನಾಲ್ಕು ತಟ್ಟೆ ಹಿಡಿದವನು, ಇಳಿಸಿ, ಗಿರಾಕಿಗೆ ಹೊತ್ತು ಎಷ್ಟೆಂದು ಹೇಳಲು ಮೊಬೈಲು ತೆಗೆದ. ಎದುರಿಗೆ ತಂದೆಯ ಮುಖ, ಮುಖಕ್ಕೆ ಹಾರ.

ಹಾರ ಹಾಕಿದವರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಕೈ ಮುಗಿದ ನಲವತ್ತು ಜನರಲ್ಲಿ ನಾವೂ ಒಬ್ಬರು. ಮಗನಿಗೆ ಗೊತ್ತಾಗಿದೆಯೇ ಎಂದು ಒಬ್ಬರೂ ಯೋಚಿಸಲಿಲ್ಲ. ಆ ಗೆಳೆಯ ಆಮೇಲೆ ನಮ್ಮೊಡನೆ ಹೇಳಿದ್ದು ಒಂದೇ ಮಾತು: "ಎಲ್ಲರಿಗೂ ಗೊತ್ತಾದ ಮೇಲೆ ನನಗೆ ಗೊತ್ತಾಯ್ತು." ಬಂಧುಗಳೆ, ಕಥೆಯ ಕೊನೆಯನ್ನು ಹೇಳಿಬಿಡುವ ನಾಲಗೆಯೂ ಇದೇ, ಸಾವನ್ನು ಮೊದಲೇ ಸಾರುವ ಬೆರಳೂ ಇದೇ. ‘ನಮಗೆ ಮೊದಲು ಗೊತ್ತಾಯಿತು’ ಎಂಬ ಸಣ್ಣ ಹೆಮ್ಮೆ ಎರಡಕ್ಕೂ ಮೂಲ. ಅದಕ್ಕೇ ಇದನ್ನು ಸಣ್ಣ ವಿಷಯವಲ್ಲವೆಂದು ಹೇಳುತ್ತಿದ್ದೇವೆ.

ಇಲ್ಲಿ ಒಂದು ಎಚ್ಚರಿಕೆ. ಮುಚ್ಚುವುದು ಒಳ್ಳೆಯದೆಂದು ನಾವು ಹೇಳಿದೊಡನೆ ಮಾಲಕರ ಕಡೆಯವರು ಚಪ್ಪಾಳೆ ತಟ್ಟಿಯಾರು! ಹಿಂದೆ ನಾವು ಕೆಲಸ ಮಾಡುತ್ತಿದ್ದ ಒಂದು ಹೋಟೆಲಿನಲ್ಲಿ ಪಗಾರದ ದಿನ ಮೆನೇಜರರು ವಹಿಯ ಮೇಲೆ ಅಂಗೈ ಹರಡಿ, ಸಹಿ ಹಾಕುವಷ್ಟು ಜಾಗವನ್ನು ಮಾತ್ರ ಬಿಟ್ಟು ತೋರಿಸುತ್ತಿದ್ದರು. ಅಂಗೈಯ ಕೆಳಗೆ ಬರೆದಿದ್ದ ಮೊತ್ತ ಒಂದು, ನಮ್ಮ ಕೈಗೆ ಬಂದದ್ದು ಇನ್ನೊಂದು. ಅದೂ ಮುಚ್ಚುವುದೇ. ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು?

ವ್ಯತ್ಯಾಸ ಕಂಡುಹಿಡಿಯಲು ಎರಡು ಪ್ರಶ್ನೆ ಸಾಕು. ಮುಚ್ಚಿದ್ದು ಯಾರ ಹಿತಕ್ಕೆ? ತೆರೆಯುವ ಅಧಿಕಾರ ಯಾರ ಕೈಯಲ್ಲಿ? ಒಗಟಿನ ಉತ್ತರವನ್ನು ಮುಚ್ಚುವುದು ಕೇಳುವವನ ಹಿತಕ್ಕೆ. ಅವನು ‘ಹೇಳು’ ಎಂದ ಕ್ಷಣವೇ ತೆರೆಯುತ್ತೇವೆ. ವಹಿಯನ್ನು ಮುಚ್ಚುವುದು ಮುಚ್ಚುವವನ ಹಿತಕ್ಕೆ; ನಾವು ‘ತೋರಿಸಿ’ ಎಂದರೆ ಕೈ ಇನ್ನೂ ಅಗಲವಾಗುತ್ತದೆ. ಮೊದಲನೆಯದು ಮರ್ಯಾದೆ, ಎರಡನೆಯದು ಮೋಸ. ಪಗಾರದ ಲೆಕ್ಕ, ಓವರ್‌ಟೈಮಿನ ಲೆಕ್ಕ, ಅಡಿಗೆಮನೆಯಲ್ಲಿ ಆದ ಅಪಘಾತ, ನಮ್ಮ ಸಂಘದ ಚಂದಾ ಹಣ — ಇವುಗಳಿಗೆ ಪರದೆ ಕೂಡದು. ನಮ್ಮ ಸಂಘದ ಖರ್ಚಿನ ವಹಿ ಈ ಮೇಜಿನ ಮೇಲೆ ಬಿಚ್ಚಿಯೇ ಇದೆ. ಯಾರು ಬೇಕಾದರೂ ನೋಡಿರಿ.

ಇನ್ನು ನಮ್ಮ ವಾಚನಾಲಯಕ್ಕೆ ಕೆಲವು ಸೂಚನೆಗಳು. ಇವು ಕಾನೂನಲ್ಲ, ಒಂದೇ ಖೋಲಿಯಲ್ಲಿ ಒಂಬತ್ತು ಜನ ಕಾಲು ಮಡಿಸಿ ಮಲಗಲು ಮಾಡಿಕೊಂಡ ಒಪ್ಪಂದದಂಥವು.

ಒಂದು: ಪುಸ್ತಕದ ಮೇಲೆ ಏನನ್ನೂ ಬರೆಯಬೇಡಿ. ಓದಿದ್ದರ ಬಗ್ಗೆ, ನೋಡಿದ್ದರ ಬಗ್ಗೆ ಬರೆಯಲು ಇಂದಿನಿಂದ ಒಂದು ಅಭಿಪ್ರಾಯದ ವಹಿ ಇಟ್ಟಿದ್ದೇವೆ.

ಎರಡು: ಆ ವಹಿಯಲ್ಲಿ ಕಥೆಯ ಗುಟ್ಟನ್ನು ಬರೆಯಬೇಕಾದರೆ ಬೇರೆ ಚೀಟಿಯಲ್ಲಿ ಬರೆದು, ಮಡಿಸಿ, ಟಾಚಣಿ ಹಾಕಿ. ಮಡಿಕೆಯ ಮೇಲೆ ಯಾವ ಪುಸ್ತಕ, ಎಷ್ಟನೆಯ ಅಧ್ಯಾಯದವರೆಗಿನ ಸಂಗತಿ ಎಂದು ಬರೆಯಿರಿ. ಬರಿದೆ ‘ಗುಟ್ಟು’ ಎಂದರೆ ಸಾಲದು. ಅದು ತಾನು ಓದುತ್ತಿರುವ ಪುಸ್ತಕದ ಗುಟ್ಟೋ ಅಲ್ಲವೋ ಎಂಬುದು ತೆರೆಯದೆ ತಿಳಿಯಬೇಕಲ್ಲ?

ಮೂರು: ಹೊರಗಿನ ಬರಹವೇ ಒಳಗಿನದನ್ನು ಹೇಳಿಬಿಡಬಾರದು. ‘ನಾಯಕಿಯ ಅಣ್ಣ ಹೇಗೆ ಸತ್ತನೆಂಬುದು ಒಳಗಿದೆ’ ಎಂದು ಬರೆದರೆ ಇನ್ನು ಮಡಿಸುವುದೇಕೆ?

ನಾಲ್ಕು: ಬೇಕಾದಷ್ಟನ್ನೇ ಮುಚ್ಚಿ. ಪುಸ್ತಕ ಚೆನ್ನಾಗಿದೆ, ಭಾಷೆ ಸುಲಭ, ಅಚ್ಚು ದಪ್ಪ ಎಂಬುದನ್ನೆಲ್ಲ ಮಡಿಸಿಟ್ಟರೆ ವಹಿಯನ್ನು ಯಾರೂ ಓದುವುದಿಲ್ಲ. ಎಲ್ಲವನ್ನೂ ಮುಚ್ಚಿದ ಮನೆಯಲ್ಲಿ ಗಾಳಿ ಆಡದು.

ಐದು: ಹೊಸ ಸಿನೆಮಾ ಬಂದಾಗ ಎಲ್ಲರ ವಾರದ ರಜೆ ಎರಡು ಸಲ ಬಂದುಹೋಗುವವರೆಗೆ ಬಾಯಿ ಕಟ್ಟಿಕೊಳ್ಳೋಣ. ಆಮೇಲೆ ಮಾತಾಡಬಹುದು. ಆದರೆ "ನಾನಿನ್ನೂ ನೋಡಿಲ್ಲ" ಎಂದು ಒಬ್ಬ ಹೇಳಿದರೂ ಮಾತು ನಿಲ್ಲಿಸಿ, ಅಥವಾ ಹೊರಗೆ ಹೋಗಿ ಆಡಿ. ಕಥೆ ಹಳೆಯದಿರಬಹುದು, ಅವನಿಗೆ ಅದು ಹೊಸದು.

ಆರು: ಯಾರಾದರೂ ತಾವಾಗಿ ಕೇಳಿದರೆ ಹೇಳಿ. ಮಗುವನ್ನು ಕಳೆದುಕೊಂಡ ಒಬ್ಬರು, ಈ ಸಿನೆಮಾದಲ್ಲಿ ಮಗು ಸಾಯುವ ದೃಶ್ಯ ಇದೆಯೇ ಎಂದು ಕೇಳಿದರೆ ಗುಟ್ಟು ಎಂದು ಸುಮ್ಮನಿರಬೇಡಿ. ಅಲ್ಲಿ ಹೇಳುವುದೇ ಮರ್ಯಾದೆ.

ಏಳು: ಬೈಗುಳನ್ನು ಮಡಿಸಿ ಒಳಗಿಟ್ಟರೆ ಅದು ಬೈಗುಳಲ್ಲದೆ ಹೋಗುವುದಿಲ್ಲ. ಎದುರಿಗೆ ಹೇಳಲಾರದ್ದನ್ನು ಚೀಟಿಯಲ್ಲೂ ಬರೆಯಬೇಡಿ.

ಎಂಟು: ಸಾವಿನ, ಕಾಯಿಲೆಯ, ಮನೆಯ ಸಂಕಟದ ಸುದ್ದಿ ಬಂದರೆ ಅವನ ಮನೆಯವರು ಅವನಿಗೆ ತಿಳಿಸಿದ್ದಾರೆಂದು ಖಚಿತವಾಗುವವರೆಗೆ ಮೊಬೈಲಿನಲ್ಲಿ ಹಾಕಬೇಡಿ. ತಿಳಿಸುವ ಭಾರ ನಮ್ಮ ಮೇಲೇ ಬಿದ್ದರೆ ಮೆನೇಜರರಿಗೆ ಹೇಳಿ, ಅವನನ್ನು ಹೊರಗೆ ಕರೆದು, ಕೂರಿಸಿ, ನೀರು ಕೊಟ್ಟು ಹೇಳಿ. ಊರಿಗೆ ಹೋಗುವ ಟಿಕೇಟಿನ ದುಡ್ಡು ಸಂಘದಲ್ಲಿ ಸಿಗುತ್ತದೆಂಬುದನ್ನೂ ಅಲ್ಲಿಯೇ ಹೇಳಿ.

ಕೊನೆಯದಾಗಿ, ಯಾರಾದರೂ ಬಾಯಿ ತಪ್ಪಿ ಹೇಳಿಬಿಟ್ಟರೆ ನಾಲ್ಕು ಜನರ ಮುಂದೆ ಅವರ ಮಾನ ಕಳೆಯಬೇಡಿ. ಪಕ್ಕಕ್ಕೆ ಕರೆದು ಹೇಳಿ. ನಮ್ಮ ಭಟ್ಟರು ಮಾಡಿದ್ದು ಅದನ್ನೇ. ಅದಕ್ಕೇ ಆ ಪಾಠ ಇಂದಿಗೂ ಮರೆತಿಲ್ಲ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇವೆ. ಪೆನ್ಸಿಲಿನ ಬರಹವನ್ನು ರಬ್ಬರಿನಿಂದ ಅಳಿಸಿದೆವು. ಅಕ್ಷರ ಹೋಯಿತು, ಒತ್ತಿದ ಗುರುತು ಹೋಗಲಿಲ್ಲ. ಅದರ ಮೇಲೆ ಬಿಳಿ ಕಾಗದ ಅಂಟಿಸಿ ಪುಸ್ತಕವನ್ನು ಕಪಾಟಿಗೆ ಸೇರಿಸಿದ್ದೇವೆ. ಹೋದ ವಾರ ಬೇರೊಂದು ಪತ್ತೇದಾರಿ ಕಾದಂಬರಿ ಹಿಡಿದು ನಾವೇ ಅವನ ಹೋಟೆಲಿಗೆ ಹೋದೆವು. ಅವನು ಒದ್ದೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡ. ಎಲ್ಲಕ್ಕಿಂತ ಮೊದಲು ಮುಂದಿನ ಪುಟವನ್ನು, ಆಮೇಲೆ ಹಿಂದಿನ ಪುಟವನ್ನು ತಿರುವಿ ನೋಡಿದ. ಏನೂ ಬರೆದಿರಲಿಲ್ಲ. "ಇದನ್ನು ನಾವೂ ಓದಿಲ್ಲ. ನೀನು ಓದಿ ಮುಗಿಸಿದ ಮೇಲೆ ನಮಗೆ ಕೊಡು. ಆದರೆ ಕೊನೆಯನ್ನು ಮಾತ್ರ ಹೇಳಬೇಡ" ಎಂದೆವು. ನಕ್ಕ.

ನಿನ್ನೆ ಫೋನು ಮಾಡಿದ್ದ. ಅರವತ್ತನೆಯ ಪುಟಕ್ಕೆ ಬಂದಿದ್ದಾನಂತೆ. ಮುಂದೇನಾಯಿತೆಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.